ಮರದ ಪೆಟ್ಟಿಗೆಗೆ ಬಲ್ಬ್ ಹಾಕಿದರೆ ಹಾವು ಬೆಚ್ಚಗಿರುತ್ತದೆಯೇ?

ಹಳೆಯ ಪ್ಲೈವುಡ್‌ನ ಪೆಟ್ಟಿಗೆ, ಮುಂದೆ ಗಾಜಿನ ಬಾಗಿಲು, ಮೇಲೊಂದು ಬಲ್ಬ್, ಒಳಗೆ ಸುರುಳಿ ಸುತ್ತಿ ಮಲಗಿದ ಹಾವು. "ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಹಾವಿಗೆ ಬೆಚ್ಚನೆಯ ಗೂಡು ಮಾಡಿ" ಎನ್ನುವಂಥ ವಿಡಿಯೋಗಳು ಫೋನಿನಿಂದ ಫೋನಿಗೆ ಹೋಗುತ್ತಲೇ ಇರುತ್ತವೆ. ನೋಡಿದವರಿಗೆ ಇದು ಸುಲಭದ ಕೆಲಸ ಅನಿಸುತ್ತದೆ.

ಆದರೆ ಇಂಥ ವಿಡಿಯೋಗಳಲ್ಲಿ ಹೆಚ್ಚಿನವು ಚಳಿ ದೇಶಗಳವು. ಅಲ್ಲಿನವರು ಸಾಕುವುದು ಅಂಗಡಿಯಲ್ಲಿ ಕೊಂಡ, ಗೂಡಿನಲ್ಲೇ ಹುಟ್ಟಿದ ಹಾವನ್ನು. ಅದೇ ವಿಡಿಯೋ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಖಜೂರಿಗೆ ಬಂದರೆ ಅರ್ಥವೇ ಬದಲಾಗುತ್ತದೆ. ಇಲ್ಲಿ ಕಣ್ಣಿಗೆ ಬೀಳುವುದು ತೊಗರಿ ಕಟ್ಟಿಗೆಯ ರಾಶಿಯಲ್ಲಿ ಅಡಗಿದ ಕೇರೆಹಾವೋ ನಾಗರಹಾವೋ ಆಗಿರುತ್ತದೆ. ಅದನ್ನು ಹಿಡಿದು ಪೆಟ್ಟಿಗೆಗೆ ಹಾಕಿ ಬಲ್ಬ್ ಹಚ್ಚಿದರೆ ಹಾವಿಗೂ ಅಪಾಯ, ಮನೆಯವರಿಗೂ ಅಪಾಯ, ಮೇಲೆ ಜೈಲು ಶಿಕ್ಷೆಯ ಭಯ. ಏಕೆ ಎಂದು ಒಂದೊಂದಾಗಿ ನೋಡೋಣ.

ಹಾವಿಗೆ ಚಳಿ ಆಗುತ್ತದೆಯೇ?

ನಾವು ತಿಂದ ಊಟದ ದೊಡ್ಡ ಪಾಲು ನಮ್ಮ ಮೈಯನ್ನು 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡುವುದಕ್ಕೇ ಖರ್ಚಾಗುತ್ತದೆ. ಹಾವು ಹೀಗೆ ಒಳಗಿನಿಂದ ಮೈ ಬಿಸಿ ಮಾಡಿಕೊಳ್ಳುವುದಿಲ್ಲ. ಅದಕ್ಕೆ ಶಾಖ ಬೇಕಿರುವುದು ಹೊರಗಿನಿಂದ. ಒಮ್ಮೆ ತಿಂದು ವಾರಗಟ್ಟಲೆ ಸುಮ್ಮನಿರಲು ಅದಕ್ಕೆ ಸಾಧ್ಯವಾಗುವುದೂ ಇದೇ ಕಾರಣಕ್ಕೆ.

ಮೈ ತಣ್ಣಗಾದರೆ ಹಾವಿನ ಚಲನೆ ನಿಧಾನವಾಗುತ್ತದೆ, ಜೀರ್ಣಶಕ್ತಿಯೂ ಕುಗ್ಗುತ್ತದೆ. ಇಲಿ ನುಂಗಿದ ಮೇಲೆ ಬೇಕಾದಷ್ಟು ಬಿಸಿ ಸಿಗದಿದ್ದರೆ ಅದು ಹೊಟ್ಟೆಯಲ್ಲೇ ಕೊಳೆಯಲು ಶುರುವಾಗಿ, ಹಾವು ಅದನ್ನು ಕಕ್ಕಿಬಿಡಬಹುದು. ಆದ್ದರಿಂದ ಹಾವಿಗೆ ಶಾಖ ಬೇಕು ಎನ್ನುವ ಮಾತು ಸುಳ್ಳಲ್ಲ. ತಪ್ಪು ಇರುವುದು ಅದನ್ನು ಕೊಡುವ ರೀತಿಯಲ್ಲಿ.

ಬೇಕಾದದ್ದು ಬಿಸಿ ಮತ್ತು ತಂಪು ಎರಡೂ

ಹೊಲದಲ್ಲಿರುವ ಹಾವನ್ನು ಗಮನಿಸಿ. ಚಳಿಗಾಲದ ಬೆಳಿಗ್ಗೆ ಬದುವಿನ ಮೇಲೆ ಬಿಸಿಲು ಕಾಯುತ್ತದೆ. ಮೈ ಕಾದ ಮೇಲೆ ಬಿಲಕ್ಕೆ ಸರಿಯುತ್ತದೆ. ನಮ್ಮ ಎರೆಭೂಮಿ ಒಣಗಿದಾಗ ಆಳವಾಗಿ ಬಿರುಕು ಬಿಡುತ್ತದೆ. ಮೇಲೆ ನೆಲ ಸುಡುತ್ತಿದ್ದರೂ ಬಿರುಕಿನ ಒಳಗೆ ತಂಪಿರುತ್ತದೆ, ಚಳಿಯ ರಾತ್ರಿಯಲ್ಲಿ ಹೊರಗಿಗಿಂತ ಬೆಚ್ಚಗಿರುತ್ತದೆ. ಬಿಸಿಲು, ನೆರಳು, ಬಿರುಕು, ಇಲಿಬಿಲಗಳ ನಡುವೆ ಓಡಾಡುತ್ತಲೇ ಹಾವು ತನ್ನ ಮೈಬಿಸಿಯನ್ನು ಹದವಾಗಿ ಇಟ್ಟುಕೊಳ್ಳುತ್ತದೆ.

ಪೆಟ್ಟಿಗೆಯಲ್ಲಿ ಈ ಆಯ್ಕೆಯನ್ನು ನಾವೇ ಮಾಡಿಕೊಡಬೇಕು. ವಿದೇಶಗಳಲ್ಲಿ ಹೆಚ್ಚಾಗಿ ಸಾಕುವ ಆಫ್ರಿಕಾದ ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ತುದಿಯಲ್ಲಿ ಸುಮಾರು 31ರಿಂದ 33 ಡಿಗ್ರಿ, ಇನ್ನೊಂದು ತುದಿಯಲ್ಲಿ 24ರಿಂದ 27 ಡಿಗ್ರಿ ಇರುವಂತೆ ನೋಡಿಕೊಳ್ಳುತ್ತಾರೆ. ಎರಡೂ ಕಡೆ ಅಡಗುವ ಜಾಗ ಇರುತ್ತದೆ. ಚಿಕ್ಕ ಪೆಟ್ಟಿಗೆಯ ನಡುವೆ ಒಂದು ಬಲ್ಬ್ ಇಳಿಬಿಟ್ಟರೆ ಇಡೀ ಪೆಟ್ಟಿಗೆ ಒಂದೇ ಸಮನೆ ಕಾಯುತ್ತದೆ. ಹಾವಿಗೆ ಸರಿದುಹೋಗಲು ತಂಪಿನ ಜಾಗವೇ ಉಳಿಯುವುದಿಲ್ಲ.

ಮರದ ಪೆಟ್ಟಿಗೆಯ ಲಾಭ, ನಷ್ಟ

ಮರ ಶಾಖವನ್ನು ಬೇಗ ಹೊರಗೆ ಬಿಡುವುದಿಲ್ಲ. ಗಾಜಿನ ತೊಟ್ಟಿಗಿಂತ ಮರದ ಪೆಟ್ಟಿಗೆ ಹೆಚ್ಚು ಹೊತ್ತು ಬೆಚ್ಚಗಿರುತ್ತದೆ. ಕರೆಂಟ್ ಹೋದಾಗ ಇದು ಅನುಕೂಲ. ಆದರೆ ಇದೇ ಗುಣ ಮುಳುವೂ ಆಗುತ್ತದೆ, ಏಕೆಂದರೆ ಒಳಗೆ ಹೆಚ್ಚಾದ ಶಾಖವೂ ಹೊರಗೆ ಹೋಗುವುದಿಲ್ಲ. ವಿಡಿಯೋಗಳು ಹೇಳದೆ ಬಿಡುವ ಕೆಲವು ಸಂಗತಿಗಳು ಇಲ್ಲಿವೆ:

• ಹಳೆಯ ಕಾಲದ ತಂತಿ ಬಲ್ಬ್ ಬಳಸುವ ಕರೆಂಟಿನಲ್ಲಿ 90 ಶೇಕಡಾಕ್ಕೂ ಹೆಚ್ಚು ಪಾಲು ಶಾಖವೇ ಆಗುತ್ತದೆ. 60 ವ್ಯಾಟ್ ಬಲ್ಬಿನ ಗಾಜು 100 ಡಿಗ್ರಿ ದಾಟಬಲ್ಲದು. ಮರಕ್ಕೆ ತಾಗಿಕೊಂಡಿದ್ದರೆ ಮರ ನಿಧಾನವಾಗಿ ಕಪ್ಪಾಗಿ, ಕೊನೆಗೆ ಹೊತ್ತಿಕೊಳ್ಳಬಹುದು. ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕು ಸಿಗುತ್ತದೆ, ಹಾವಿಗೆ ಬೇಕಾದ ಶಾಖ ಸಿಗುವುದಿಲ್ಲ.

• ಹಾವುಗಳು ಸುಡುವ ವಸ್ತುವಿನ ಮೇಲೆ ಮಲಗಿದರೂ ಎಷ್ಟೋ ಸಲ ತಕ್ಷಣ ಸರಿಯುವುದಿಲ್ಲ. ಬಲ್ಬಿಗೆ ಸುತ್ತಿಕೊಂಡು ಅಥವಾ ಕಾದ ತಟ್ಟೆಯ ಮೇಲೆ ಮಲಗಿ ಹೊಟ್ಟೆಯ ಚರ್ಮ ಸುಟ್ಟುಕೊಂಡ ಹಾವುಗಳನ್ನು ಪಶುವೈದ್ಯರು ನೋಡುತ್ತಲೇ ಇರುತ್ತಾರೆ. ಅದಕ್ಕೇ ಬಿಸಿ ಮಾಡುವ ಯಾವ ಉಪಕರಣಕ್ಕೂ ತಂತಿಬಲೆಯ ಪಂಜರ ಬೇಕು.

• ಥರ್ಮೋಸ್ಟಾಟ್ ಇಲ್ಲದಿದ್ದರೆ ಬಿಸಿ ಏರುತ್ತಲೇ ಹೋಗುತ್ತದೆ. ಬೇಕಾದಷ್ಟು ಕಾದ ಮೇಲೆ ಕರೆಂಟ್ ಕಡಿಯುವ ಸಾಧನ ಇದು. ಅದರ ತುದಿ ತನ್ನ ಜಾಗದಿಂದ ಜಾರಿದರೆ ತಪ್ಪು ಲೆಕ್ಕ ಹಿಡಿದು ಅದೂ ಹೀಟರನ್ನು ಉರಿಸುತ್ತಲೇ ಇರುತ್ತದೆ.

• ಬಿಸಿ ಮಾಡುವ ಚಾಪೆಯನ್ನು ಮರದ ತಳದ ಕೆಳಗೆ ಇಟ್ಟರೆ ಶಾಖ ಮೇಲೆ ಬರುವುದು ಕಡಿಮೆ, ಚಾಪೆಯ ಹತ್ತಿರವೇ ಸೇರಿಕೊಳ್ಳುವುದು ಹೆಚ್ಚು.

• ಕರೆಂಟ್ ಹೋಯಿತೆಂದು ಚಿಮಣಿ, ಮೇಣದಬತ್ತಿ ಅಥವಾ ಕೆಂಡವನ್ನು ಪೆಟ್ಟಿಗೆಯ ಬಳಿ ಇಡಲೇಬಾರದು. ಬೆಂಕಿಯ ಜೊತೆಗೆ ಹೊಗೆ ಮತ್ತು ಕಾರ್ಬನ್ ಮೊನಾಕ್ಸೈಡ್ ಅಪಾಯವೂ ಇದೆ. ಮುಚ್ಚಿದ ಕೋಣೆಯಲ್ಲಿ ಅದು ಮನುಷ್ಯರನ್ನೂ ಕೊಲ್ಲುತ್ತದೆ.

ಕಲಬುರಗಿಯ ಬಿಸಿಲಿನಲ್ಲಿ ಏನಾಗುತ್ತದೆ?

ಚಳಿ ದೇಶದ ವಿಡಿಯೋ ಬಿಸಿ ಮಾಡುವುದನ್ನು ಮಾತ್ರ ಹೇಳಿಕೊಡುತ್ತದೆ. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯೊಳಗೆ ಸೆಖೆ ಹೇಗಿರುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಹೆಚ್ಚಿನ ಹಾವುಗಳಿಗೆ ಮೈಬಿಸಿ 40ರ ಹತ್ತಿರ ಹೋದರೆ ಜೀವಕ್ಕೇ ಕುತ್ತು. ಹಾವಿಗೆ ಬೆವರು ಸುರಿಸಿ ತಣ್ಣಗಾಗಲು ಬರುವುದಿಲ್ಲ. ಹೊಲದಲ್ಲಿ ಬಿರುಕಿಗಿಳಿದು ಬದುಕಿಕೊಳ್ಳುವ ಹಾವು ಮುಚ್ಚಿದ ಪೆಟ್ಟಿಗೆಯಲ್ಲಿ ಬಲ್ಬ್ ಇಲ್ಲದಿದ್ದರೂ ಸಾಯಬಹುದು. ಇಲ್ಲಿ ವರ್ಷದ ಹಲವು ತಿಂಗಳು ಎದುರಾಗುವ ಪ್ರಶ್ನೆ ಹಾವನ್ನು ತಂಪಾಗಿಡುವುದು ಹೇಗೆ ಎಂಬುದೇ.

ಕಾನೂನು ಏನು ಹೇಳುತ್ತದೆ?

ನಮ್ಮ ನೆಲದ ಹಾವುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಾವಾಡಿಗರ ಬುಟ್ಟಿಗಳು ಊರಿನಿಂದ ಮರೆಯಾಗಲು ಈ ಕಾಯ್ದೆ ಮುಖ್ಯ ಕಾರಣ. 2022ರ ತಿದ್ದುಪಡಿಯ ನಂತರ ನಾಗರಹಾವು, ಕೇರೆಹಾವು, ಕೊಳಕುಮಂಡಲ, ಹೆಬ್ಬಾವುಗಳೆಲ್ಲ ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಯಲ್ಲಿವೆ. ಈ ಪಟ್ಟಿಯ ಪ್ರಾಣಿಗಳ ವಿಷಯದಲ್ಲಿ ತಪ್ಪು ಸಾಬೀತಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. "ವಿಷವಿಲ್ಲದ ಹಾವು, ಸಾಕಿದರೆ ತಪ್ಪೇನು" ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. "ಎರಡು ತಲೆ ಹಾವು ಮನೆಯಲ್ಲಿದ್ದರೆ ಲಕ್ಷಗಟ್ಟಲೆ ಬೆಲೆ, ಅದೃಷ್ಟ" ಎನ್ನುವುದು ಮೋಸದ ಜಾಲ. ಅದು ಮೊಂಡು ಬಾಲದ ಬಡಪಾಯಿ ಹಾವು, ಅದಕ್ಕಿರುವುದು ಒಂದೇ ತಲೆ.

ವಿದೇಶಿ ಹಾವಾದರೆ? ಬಾಲ್ ಪೈಥಾನ್‌ನಂಥ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ ಮನೆಯಲ್ಲಿದ್ದರೆ, 2024ರಲ್ಲಿ ಬಂದ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಕಾಗದಪತ್ರವಿಲ್ಲದೆ ಅಗ್ಗವಾಗಿ ಸಿಗುವ ಹಾವು ಎಲ್ಲಿಂದ ಬಂದಿರಬಹುದು ಎಂದು ಯೋಚಿಸಿ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕಿದ್ದವು. ಜೊತೆಗಿದ್ದ 6 ಕೋತಿಗಳು ಸತ್ತಿದ್ದವು.

ಹಾಗಾದರೆ ಮನೆಯ ಬಳಿ ಹಾವು ಕಂಡರೆ?

ಚಳಿಗಾಲದ ಬೆಳಿಗ್ಗೆ ಮಂಕಾಗಿ ಬಿದ್ದಿರುವ ಹಾವನ್ನು ನೋಡಿ "ಪಾಪ, ಚಳಿ ಹಿಡಿದಿದೆ" ಎಂದು ಮುಟ್ಟಬೇಡಿ. ಬಿಸಿಲೇರಿದರೆ ಅದೇ ಎದ್ದು ಹೋಗುತ್ತದೆ. ಮಂಕಾಗಿದ್ದರೂ ಅದು ಕಚ್ಚಬಲ್ಲದು. ಹಾಲು ಕುಡಿಸುವ ಪ್ರಯತ್ನವೂ ಬೇಡ. ಹಾಲು ಹಾವಿನ ಆಹಾರವಲ್ಲ.

ಮಕ್ಕಳು ಮತ್ತು ಸಾಕುಪ್ರಾಣಿಗಳನ್ನು ದೂರ ಮಾಡಿ, ಹಾವು ಎಲ್ಲಿ ಹೋಗುತ್ತದೆ ಎಂದು ದೂರದಿಂದಲೇ ಗಮನಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕಚ್ಚಿದರೆ ಗಾಯ ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ವಿಷ ಹೀರಬೇಡಿ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ನಮ್ಮಲ್ಲಿ ಸಿಗುವ ವಿಷನಿರೋಧಕ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆಂದು ಮಾಡಿದ್ದು. ಗುಟ್ಟಾಗಿ ತಂದ ವಿದೇಶಿ ವಿಷದ ಹಾವು ಕಚ್ಚಿದರೆ ಅದನ್ನು ನಂಬಿಕೊಂಡಿರಲು ಆಗುವುದಿಲ್ಲ.

ಈ ವಿಡಿಯೋ ನಿಮ್ಮ ಗುಂಪಿಗೆ ಬಂದರೆ

ವಿಡಿಯೋದಲ್ಲಿ ಪೆಟ್ಟಿಗೆ ಮಾಡಿದವರು ಸುಳ್ಳು ಹೇಳಿರಲಿಕ್ಕಿಲ್ಲ. ಅವರ ದೇಶಕ್ಕೆ, ಅವರ ಹಾವಿಗೆ ಅದು ಸರಿಯೇ ಇರಬಹುದು. ಆದರೆ ಅದನ್ನು ನೋಡಿ ನಮ್ಮೂರಿನ ಹುಡುಗನೊಬ್ಬ ಕಣದಲ್ಲಿ ಸಿಕ್ಕ ಹಾವನ್ನು ಹಿಡಿಯಲು ಹೋದರೆ ಅದರ ಬೆಲೆ ತೆರುವುದು ಅವನ ಮನೆಯವರು. ಹಾಗಾಗಿ ಮುಂದೆ ಕಳಿಸುವ ಮೊದಲು ಒಂದು ಸಾಲು ಸೇರಿಸಿ: ಇದು ನಮ್ಮ ಹಾವುಗಳಿಗಲ್ಲ. ಅವುಗಳಿಗೆ ಬೇಕಾದ ಬಿಸಿಯೂ ತಂಪೂ ನಮ್ಮ ಹೊಲದಲ್ಲೇ ಇವೆ.