ಚೌಡಿಯ ಮೇಲೆ ಹೊರಿಸಬೇಡಿ

ಮನೆಯಲ್ಲಿ ಕರೆಂಟಿನ ಸಾಮಾನು ಯಾವುದಾದರೂ ವಿಚಿತ್ರವಾಗಿ ಆಡತೊಡಗಿತೆನ್ನಿ, ಮೊದಲ ಅಪವಾದ ಬರುವುದು ಹೆಂಗಸಿನ ಮೇಲೆ. “ನೀನೇ ಏನೋ ಒತ್ತಿರಬೇಕು” ಎಂಬ ಮಾತನ್ನು ಕೇಳದ ಗೃಹಿಣಿ ನಮ್ಮಲ್ಲಿ ಇದ್ದಾಳೆಯೆ? ಅವಳು ಒತ್ತಲಿಲ್ಲವೆಂದು ರುಜುವಾತಾದರೆ ಎರಡನೆಯ ಅಪವಾದ ದೆವ್ವ-ಭೂತಗಳಿಗೆ. ಅವೂ ಅಲ್ಲವೆಂದಾದರೆ ಮಳೆಯಲ್ಲಿ ನೆನೆಯುತ್ತ ಕಂಬ ಹತ್ತುವ ಬಡಪಾಯಿ ಲೈನ್‌ಮನ್‌ಗೆ. ಆ ಸಾಮಾನನ್ನು ತಯಾರಿಸಿದವನ, ಮಾರಿದವನ ಬಾಗಿಲ ತನಕ ಮಾತ್ರ ಅಪವಾದ ಹೋಗುವುದೇ ಇಲ್ಲ. ಈ ಸರದಿಯೇ ತಲೆಕೆಳಗು ಎಂಬುದು ನನ್ನ ತಕರಾರು.

ಹೆಗಡೆಕಟ್ಟಾ ಕಡೆಯ ನಮ್ಮ ಹಳೆಯ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ. ಅತ್ತೆಗೆ ಎಂಬತ್ತು ದಾಟಿದೆ, ಮಂಡಿನೋವು. ಕೊಟ್ಟಿಗೆ ಇರುವುದು ಅಂಗಳದ ಆಚೆ. ರಾತ್ರಿ ದನ ಕೂಗಿದರೆ ಹಾಸಿಗೆಯಲ್ಲೇ ಕುಳಿತು ಕೊಟ್ಟಿಗೆಯ ದೀಪ ಹಾಕುವಂತಾಗಲಿ ಎಂದು ಬೆಂಗಳೂರಿನಲ್ಲಿರುವ ಮೈದುನನ ಮಗ ಒಂದು ವ್ಯವಸ್ಥೆ ಮಾಡಿಸಿದ. ಮಣ್ಣಿನ ದಪ್ಪ ಗೋಡೆ, ಮರದ ಮುಚ್ಚಿಗೆಯ ಮನೆಯಲ್ಲಿ ಹೊಸ ವೈರಿಂಗ್ ಎಳೆಯುವುದು ಸುಲಭದ ಮಾತಲ್ಲ. ಅದಕ್ಕೇ ಈ ಯಂತ್ರ. ಇದ್ದ ತಂತಿಯ ಮೇಲೆಯೇ ಅಪ್ಪಣೆ ಕಳಿಸುತ್ತದೆ. ಮಂಚದ ಪಕ್ಕದಲ್ಲಿ ಅಂಗೈಯಗಲದ ಪೆಟ್ಟಿಗೆ, ಅದರಲ್ಲಿ ಗುಂಡಿಗಳು. ಒಂದಕ್ಕೆ ಅಂಗಳದ ದೀಪ, ಒಂದಕ್ಕೆ ಬಚ್ಚಲಿನದು, ಒಂದಕ್ಕೆ ಕೊಟ್ಟಿಗೆಯದು. ಅತ್ತೆಗೆ ಎರಡೇ ದಿನದಲ್ಲಿ ಬಾಯಿಪಾಠವಾಯಿತು.

ಅಡಿಕೆ ಕೊಯ್ಲಿನ ಹೊತ್ತಿಗೆ ತಾಪತ್ರಯ ಶುರುವಾಯಿತು. ಸಂಜೆ ಒತ್ತಿದರೆ ದೀಪ ಹತ್ತುವುದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಯಾರೂ ಒತ್ತದೆ ಕೊಟ್ಟಿಗೆ ಝಗ್ಗೆಂದು ಬೆಳಗುತ್ತದೆ. “ಆನು ಒತ್ತಿದ್ನಿಲ್ಲೆ ತಂಗೀ” ಎಂದು ಅತ್ತೆ ಹೇಳಿದ್ದನ್ನು ಗಂಡಸರು ಯಾರೂ ನಂಬಲಿಲ್ಲ. ಕೇರಿಯ ಹಿರಿಯರೊಬ್ಬರು ಚೌಡಿಗೆ ಕಾಯಿ ಒಡೆಸಿ ಎಂದರು. ಮಾರಿದ ಅಂಗಡಿಯವರು ಫೋನಿನಲ್ಲಿ ನಯವಾಗಿ, “ವಯಸ್ಸಾದವರು ನೋಡಿ ಮೇಡಂ, ಕೈ ತಪ್ಪುತ್ತದೆ. ಬೇಕಾದರೆ ಹೊಸ ಮಾಡೆಲ್ ಹಾಕಿಕೊಡುತ್ತೇವೆ” ಎಂದರು. ಹೊಸ ಮಾಡೆಲ್ಲಿಗೆ ಹೊಸ ದುಡ್ಡು ಎಂಬುದನ್ನು ಬೇರೆ ಹೇಳಬೇಕೆ? ಚೌಡಿಯ ಬಗ್ಗೆ ನನಗೆ ಭಕ್ತಿಯಿದೆ. ಅದಕ್ಕೇ ಹೇಳುತ್ತೇನೆ, ಕಾಡು-ಗಡಿ ಕಾಯುವ ತಾಯಿಗೆ ನಮ್ಮ ಕೊಟ್ಟಿಗೆಯ ಬಲ್ಬು ಹಾಕಿ ಆರಿಸುವುದೇ ಕೆಲಸವೆ?

ಈ ವಿದ್ಯೆ ತೀರ ಹೊಸದೇನಲ್ಲ. 1975ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ರಾಥೆಸ್ ಎಂಬ ಊರಿನ ಪೈಕೋ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆ ‘ಎಕ್ಸ್-10’ ಎಂಬ ಹೆಸರಿನಲ್ಲಿ ಇದನ್ನು ರೂಪಿಸಿತು. ನಮ್ಮ ಮನೆಯದೂ ಅದೇ ವಂಶದ್ದು. ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತನದ ಅಲೆ. ಪ್ರತಿ ಆವರ್ತನದಲ್ಲೂ ಅದು ಎರಡು ಸಲ ಸೊನ್ನೆಯನ್ನು ಹಾಯುತ್ತದೆ. ಅಲೆ ತಗ್ಗಿದ ಆ ಕ್ಷಣವನ್ನು ಹಿಡಿದು, ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು, 1,20,000 ಆವರ್ತನದ ಪುಟ್ಟ ಮಿಡಿತವನ್ನು ತಂತಿಗೆ ಬಿಡುತ್ತಾರೆ. ಮಿಡಿತ ಇದ್ದದ್ದು, ಇಲ್ಲದ್ದು, ಈ ಸಾಲೇ ಅಪ್ಪಣೆ. ಪ್ರತಿ ಮನೆಗೊಂದು ಅಕ್ಷರ, ಪ್ರತಿ ದೀಪಕ್ಕೊಂದು ಅಂಕಿ. ಅಕ್ಷರ ಹದಿನಾರು, ಅಂಕಿ ಹದಿನಾರು, ಒಟ್ಟು 256 ವಿಳಾಸ. ಹಳೆಯ ಬಗೆಯದರಲ್ಲಿ ಅಪ್ಪಣೆ ಮುಟ್ಟಿತೆಂದು ದೀಪ ಮರುಮಾತು ಹೇಳುವುದಿಲ್ಲ. ಮುಟ್ಟಿದರೆ ಮುಟ್ಟಿತು, ಇಲ್ಲದಿದ್ದರೆ ಇಲ್ಲ.

ಇನ್ನೂರಮೂವತ್ತು ವೋಲ್ಟಿನ ಅಬ್ಬರದ ನಡುವೆ ಕೆಲವೇ ವೋಲ್ಟಿನ ಈ ಪಿಸುಮಾತಿಗೆ ಮೂರು ಕಂಟಕಗಳಿವೆ. ಒಂದು, ಗದ್ದಲ. ಮೊಬೈಲ್ ಚಾರ್ಜರು, ಎಲ್ಇಡಿ ಬಲ್ಬು, ಕಂಪ್ಯೂಟರು ಇವೆಲ್ಲ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಬಳಸುತ್ತವೆ. ಒಳಗೆ ಸರಿಯಾದ ಫಿಲ್ಟರ್ ಇಲ್ಲದಿದ್ದರೆ ಆ ಕತ್ತರಿಯ ಸದ್ದು ತಂತಿಗೆ ಸೋರುತ್ತದೆ. ಮಿಕ್ಸಿಯ ಕಾರ್ಬನ್ ಬ್ರಷ್ಷಿನ ಕಿಡಿಯೂ ಹಾಗೆಯೇ. ಎರಡು, ನುಂಗುವಿಕೆ. ಕೆಲವು ಟೀವಿ, ಕಂಪ್ಯೂಟರುಗಳ ಬಾಗಿಲಲ್ಲಿರುವ ಕೆಪಾಸಿಟರ್ ಸದ್ದು ಮಾಡದೆ ಮಿಡಿತವನ್ನೇ ಕುಡಿದುಬಿಡುತ್ತದೆ. ಮೂರು, ನೆರೆಮನೆಯ ಅಪ್ಪಣೆ. ಒಂದೇ ಟಿ.ಸಿ.ಯ ಕೆಳಗಿನ ಮನೆಗಳ ನಡುವೆ ಈ ಮಿಡಿತಕ್ಕೆ ಗೋಡೆಯೂ ಇಲ್ಲ, ಬೇಲಿಯೂ ಇಲ್ಲ.

ಇದನ್ನು ನಮ್ಮ ಮನೆಯಲ್ಲಿ ಪತ್ತೆ ಮಾಡಿದ್ದು ಯಾವ ಇಂಜಿನಿಯರನೂ ಅಲ್ಲ, ನನ್ನ ಓರಗಿತ್ತಿ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವಳು ಗೆರೆ ಹಾಕಿದಳು. ದೀಪ ಹತ್ತದ ಹೊತ್ತು, ತಾನೇ ಹತ್ತಿದ ಹೊತ್ತು, ಆಗ ಮನೆಯಲ್ಲಿ ಏನೇನು ಓಡುತ್ತಿತ್ತು ಎಂದು ಮೂರು ಸಾಲು. ಎಂಟು ದಿನಕ್ಕೆ ಚಿತ್ರ ಕಂಡಿತು. ದೀಪ ಹತ್ತದ್ದು ಸಂಜೆ ಆರೂವರೆಯಿಂದ ಹತ್ತರವರೆಗೆ. ಅಡಿಕೆ ಸುಲಿಯುವವರಿಗೆಂದು ತಂದ ಚಾರ್ಜಿನ ದೀಪವನ್ನು ಜಗುಲಿಯಲ್ಲಿ ಸಿಕ್ಕಿಸಿಡುತ್ತಿದ್ದುದೂ ಅದೇ ಹೊತ್ತಿಗೆ. ಅವಳು ಒಂದೊಂದೇ ಪ್ಲಗ್ ಕಿತ್ತು ನೋಡಿದಳು. ಆ ಚಾರ್ಜರು ಕಿತ್ತಾಗ ಕೊಟ್ಟಿಗೆ ಬೆಳಗಿತು, ಸಿಕ್ಕಿಸಿದಾಗ ಮತ್ತೆ ಮೊಂಡು ಹಿಡಿಯಿತು. ಮಾವನವರ ಹಳೆಯ ಟ್ರಾನ್ಸಿಸ್ಟರನ್ನು ಮೀಡಿಯಂ ವೇವಿಗೆ ಇಟ್ಟು, ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ ಚಾರ್ಜರಿನ ಹತ್ತಿರ ಹಿಡಿದಳು. ಜೇನುಗೂಡಿಗೆ ಕಲ್ಲು ಬಿದ್ದಂತೆ ಗುಂಯ್‌ಗುಟ್ಟಿತು. ದೂರ ಒಯ್ದಂತೆ ಸದ್ದು ಇಳಿಯಿತು. ಇದಕ್ಕಿಂತ ಸಾಕ್ಷಿ ಬೇಕೆ?

ಬೆಳಗಿನ ಜಾವದ ದೀಪದ ಗುಟ್ಟು ಪಕ್ಕದ ಮನೆಯಲ್ಲಿತ್ತು. ಅಲ್ಲಿಯ ಭಾವಯ್ಯ ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ ಹಾಕಲು ಮೂರು ಗಂಟೆಗೆ ಏಳುತ್ತಾರೆ, ಎದ್ದು ಗುಂಡಿ ಒತ್ತುತ್ತಾರೆ. ನಮ್ಮಲ್ಲಿ ಕೂರಿಸಿದವರೇ ಅವರಲ್ಲೂ ಕೂರಿಸಿದ್ದು. ಎರಡು ಮನೆಗೂ ಕಾರ್ಖಾನೆಯಿಂದ ಬಂದ ‘ಎ’ ಅಕ್ಷರವನ್ನೇ ಬಿಟ್ಟುಹೋಗಿದ್ದರು! ಅಕ್ಷರ ಬದಲಿಸಿದ್ದೇ ತಡ, ಭೂತ ಪರಾರಿ. ಚಾರ್ಜರಿಗೆ ಒಂದು ಫಿಲ್ಟರ್ ಹಾಕಿಸಿದ ಮೇಲೆ ಸಂಜೆಯ ಮೊಂಡುತನವೂ ನಿಂತಿತು. ಅತ್ತೆಯ ಕೈ ಒಂದು ಸಲವೂ ತಪ್ಪಿರಲಿಲ್ಲ. ಅದನ್ನು ಅವರಿಗೆ ಯಾರೂ ಬಂದು ಹೇಳಲಿಲ್ಲ, ಕ್ಷಮೆ ಕೇಳುವುದಂತೂ ದೂರವೇ ಉಳಿಯಿತು.

“ಇದು ಸಿರಿವಂತರ ಮನೆಯ ತಲೆನೋವು, ನಮಗೇನು?” ಎಂದು ನೀವು ಕೇಳಬಹುದು. ಹಾಗಲ್ಲ. ನಮ್ಮ ಕಡೆ ಗುಡ್ಡದ ಒರತೆಯ ನೀರನ್ನು ಅಡಿಕೆ ದಬ್ಬೆಯ ಮೇಲೆ ಹರಿಸಿ ಮನೆಗೆ ತರುತ್ತಿದ್ದರು. ಆ ಅಬ್ಬಿ ನೀರಿಗೆ ಒಂದು ಧರ್ಮವಿತ್ತು. ಮೇಲಿನ ಮನೆಯವರು ಅದರಲ್ಲಿ ಬಟ್ಟೆ ಅಲುಬಬಾರದು, ಕೆಳಗಿನ ಮನೆಯವರು ಅದನ್ನೇ ಕುಡಿಯಬೇಕು. ಕರೆಂಟಿನ ತಂತಿಯೂ ಹಾಗೆ ಹತ್ತು ಮನೆಯ ಒಂದೇ ನೀರು. ಅಗ್ಗದ ಚಾರ್ಜರು ಮಾಡಿದವನು ನಾಲ್ಕು ಕಾಸು ಉಳಿಸಲು ಫಿಲ್ಟರ್ ಬಿಟ್ಟರೆ ಆ ಕೊಳೆ ಹರಿಯುವುದು ನೆರೆಯವರ ಮನೆಗೂ. ಧಾರವಾಡ ಆಕಾಶವಾಣಿಗೆ ಕಿವಿಗೊಟ್ಟು ಬೆಳೆದ ನಾವು ಐಬೆಕ್ಸ್ ಬೇಲಿಯ ‘ಟಿಕ್ ಟಿಕ್’ ರೇಡಿಯೋದಲ್ಲಿ ಕೇಳಿದವರೇ ಅಲ್ಲವೆ? ಬೇಲಿ ಯಾರದೋ, ಹಾಡು ಕೆಟ್ಟದ್ದು ನಮ್ಮದು. ಇಟಲಿಯಲ್ಲಿ 2001ರಿಂದಲೇ ಮನೆಮನೆಯ ಮೀಟರುಗಳು ಇದೇ ತಂತಿಯ ಮೇಲೆ ಲೆಕ್ಕ ಕಳಿಸತೊಡಗಿದವು. ತಂತಿ ಬರೀ ಕರೆಂಟಿನ ದಾರಿಯಾಗಿದ್ದ ಕಾಲ ಮುಗಿಯಿತು.

ದೊಡ್ಡವರಿಗೆ ಇದು ತಿಳಿಯದ್ದೇನಲ್ಲ. ಹೈಟೆನ್ಷನ್ ಲೈನಿನ ದೊಡ್ಡ ಕೇಂದ್ರಗಳ ಅಂಗಳದಲ್ಲಿ ಡೋಲಿನಂಥ ಸುರುಳಿಗಳು ತೂಗುವುದನ್ನು ನೀವು ಬಸ್ಸಿನ ಕಿಟಕಿಯಿಂದ ನೋಡಿರಬಹುದು. ಒಂದು ಕೇಂದ್ರ ಇನ್ನೊಂದರೊಡನೆ ತಂತಿಯ ಮೇಲೆಯೇ ಆಡುವ ಮಾತು ಅಡ್ಡದಾರಿ ಹಿಡಿಯದಂತೆ ತಡೆಯುವ ‘ವೇವ್ ಟ್ರ್ಯಾಪ್’ ಅದು. ರೇಡಿಯೋ ಕೇಳುಗರನ್ನು ಯಂತ್ರಗಳ ಗದ್ದಲದಿಂದ ಕಾಪಾಡಲೆಂದು ‘ಸಿಸ್ಪರ್’ ಎಂಬ ಅಂತರರಾಷ್ಟ್ರೀಯ ಸಮಿತಿ ಹುಟ್ಟಿದ್ದು 1934ರಲ್ಲಿ. ಗದ್ದಲ ಸೋರುವ ಸಾಮಾನನ್ನು ಮಾರಬಾರದೆಂಬ ಕಟ್ಟಳೆ ಯುರೋಪಿನಲ್ಲಿ 1996ರ ಜನವರಿಯಿಂದ ಕಡ್ಡಾಯವಾಯಿತು. ವಿದ್ಯೆ ಇದೆ, ಮದ್ದೂ ಇದೆ. ನಮ್ಮ ಸಂತೆಯ ಚಾರ್ಜರಿಗೆ ಮಾತ್ರ ಅದು ಇಳಿದು ಬಂದಿಲ್ಲ, ಏಕೆಂದರೆ ಕೇಳುವವರಿಲ್ಲ.

ಆದ್ದರಿಂದ ನಾವೇ ಕೇಳೋಣ. ಸೀರೆ ಕೊಳ್ಳುವಾಗ ಅಂಚು ತಿರುವಿ ನೋಡುವವರು ಬಲ್ಬು, ಚಾರ್ಜರು ಕೊಳ್ಳುವಾಗ ಏಕೆ ಸುಮ್ಮನಿರಬೇಕು? “ಇದರಲ್ಲಿ ಫಿಲ್ಟರ್ ಇದೆಯೆ? ತೊಂದರೆಯಾದರೆ ವಾಪಸು ತಗೊಳ್ಳುತ್ತೀರಾ?” ಎಂದು ಕೇಳಿ, ರಸೀದಿ ಪಡೆಯಿರಿ. ಯಂತ್ರ ಕೂರಿಸಲು ಬಂದವನ ಹತ್ತಿರ, “ನಮ್ಮ ಮನೆಯ ಅಕ್ಷರ ಯಾವುದು, ಪಕ್ಕದ ಮನೆಯದು ಯಾವುದು?” ಎಂದು ಕೇಳದೆ ಕಾಫಿಯನ್ನೂ ಕೊಡಬೇಡಿ. ವಿಚಿತ್ರ ಕಂಡರೆ ಹೊತ್ತು ಬರೆದಿಡಿ. ಒಂದೊಂದೇ ಪ್ಲಗ್ ಕಿತ್ತು ನೋಡಿ. ಸ್ವಿಚ್ ಬೋರ್ಡಿನ ಒಳಗೆ ಮಾತ್ರ ಕೈ ಹಾಕಬೇಡಿ, ಅದು ಬಲ್ಲವರ ಕೆಲಸ.

ಹಾಲು ಒಡೆದರೆ ಪಾತ್ರೆಯದೋ, ಹಾಲಿನದೋ, ಬಿಸಿಲಿನದೋ ಎಂದು ಮೂಗಿನಿಂದಲೇ ಪತ್ತೆ ಹಚ್ಚುವವರು ನಾವು. ದಿನವಿಡೀ ಮನೆಯಲ್ಲಿದ್ದು ಅದರ ಪ್ರತಿ ಸದ್ದನ್ನೂ ಬಲ್ಲವಳ ಮಾತನ್ನು ನಂಬದೆ, ಮುನ್ನೂರು ಮೈಲಿಯಾಚೆ ಫೋನು ಹಿಡಿದವನ ಮಾತನ್ನು ನಂಬುವುದು ಯಾವ ವಿಜ್ಞಾನ? ಇನ್ನು ಮೇಲೆ “ನೀನೇ ಏನೋ ಒತ್ತಿರಬೇಕು” ಎಂದು ಯಾರಾದರೂ ಅಂದರೆ, ಜಗಳ ಬೇಡ. ಬರೆದಿಟ್ಟ ಪುಸ್ತಕವನ್ನು ಮುಂದೆ ಹಿಡಿಯಿರಿ.