ಬಿಡಿಎಸ್‌ಗೂ ಎಂಡಿಎಸ್‌ಗೂ ನಡುವೆ ಒಂದು ವರ್ಷ ಬೇಕು

ಕೆಳದವಡೆಯ ಬುದ್ಧಿಹಲ್ಲು ಅಡ್ಡ ಬೆಳೆದು, ಒಸಡು ಊದಿ, ಬಾಯಿ ತೆರೆಯಲಾಗದೆ ತಾಲ್ಲೂಕು ಕೇಂದ್ರದ ದಂತ ಚಿಕಿತ್ಸಾಲಯಕ್ಕೆ ಬಂದವರಿಗೆ ಬಹುತೇಕ ಕಡೆ ಸಿಗುವುದು ಆಂಟಿಬಯೋಟಿಕ್, ನೋವಿನ ಮಾತ್ರೆ ಮತ್ತು ‘ಭಾನುವಾರ ಸರ್ಜನ್ ಬರ್ತಾರೆ, ಆಗ ಬನ್ನಿ’ ಎಂಬ ಮಾತು. ನೋವು ಇಳಿದವರಲ್ಲಿ ಅನೇಕರು ಆ ಭಾನುವಾರ ಬರುವುದೇ ಇಲ್ಲ. ಮತ್ತೆ ಊದಿಕೊಂಡಾಗ ಬರುತ್ತಾರೆ. ಸೋಂಕು ನಾಲಗೆಯಡಿಗೆ, ಕುತ್ತಿಗೆಗೆ ಇಳಿದರೆ ಉಸಿರಾಟಕ್ಕೇ ಕುತ್ತು. ಆಗ ದಾವಣಗೆರೆಗೋ ಹುಬ್ಬಳ್ಳಿಗೋ ಓಡಬೇಕು.

ಇದಕ್ಕೆ ಆ ದಂತವೈದ್ಯರನ್ನು ದೂರುವುದು ನ್ಯಾಯವಲ್ಲ. ದಂತವೈದ್ಯಕೀಯ ಪದವಿಯಾದ ಬಿಡಿಎಸ್ ಎಂದರೆ ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಆ ಒಂದು ವರ್ಷವನ್ನು ಎಲ್ಲ ವಿಭಾಗಗಳೂ ಹಂಚಿಕೊಳ್ಳುತ್ತವೆ. ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕಷ್ಟದ ಹಲ್ಲು ಬಂದರೆ ಅದು ಸಹಜವಾಗಿ ಸ್ನಾತಕೋತ್ತರ ವಿದ್ಯಾರ್ಥಿಯ ಪಾಲಾಗುತ್ತದೆ. ಇಂಟರ್ನ್ ಪಕ್ಕದಲ್ಲಿ ಸಕ್ಷನ್ ಹಿಡಿದು ನಿಲ್ಲುತ್ತಾರೆ. ಶಸ್ತ್ರಚಿಕಿತ್ಸೆಯನ್ನು ಮುಂದೆ ಕಲಿಯಬೇಕೆಂದರೆ ಇರುವುದು ಮೂರು ವರ್ಷದ ಸ್ನಾತಕೋತ್ತರ ಎಂಡಿಎಸ್. ದವಡೆ ಮುರಿತ, ಸೀಳುತುಟಿ, ಬಾಯಿ ಕ್ಯಾನ್ಸರಿನಂಥ ದೊಡ್ಡ ಕೆಲಸಗಳಿಗೆ ಸಜ್ಜುಗೊಳಿಸುವ ಪದವಿ ಅದು. ಸೀಟುಗಳೂ ಕಡಿಮೆ. ಈ ಎರಡರ ನಡುವಿನ ಜಾಗವನ್ನು ವಾರಾಂತ್ಯದ ಕಾರ್ಯಾಗಾರಗಳು ತುಂಬಿಕೊಂಡಿವೆ. ಮೇಕೆಯ ದವಡೆಯ ಮೇಲೆ ಹೊಲಿಗೆ ಹಾಕಿಸಿ, ಸಂಜೆ ಪ್ರಮಾಣಪತ್ರ ಕೊಟ್ಟು ಕಳಿಸುತ್ತವೆ.

ಮೇಕೆ ದವಡೆಯಲ್ಲಿ ಕೈ ಪಳಗಬಹುದು, ತೀರ್ಮಾನ ಪಳಗದು. ಕೆಳದವಡೆಯೊಳಗೆ ಹಾದುಹೋಗುವ ನರ ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ಕೊಡುತ್ತದೆ. ಬುದ್ಧಿಹಲ್ಲಿನ ಬೇರು ಕೆಲವರಲ್ಲಿ ಅದಕ್ಕೆ ತಾಗಿಕೊಂಡೇ ಇರುತ್ತದೆ. ಎಕ್ಸ್‌ರೇಯಲ್ಲಿ ನರದ ಕಾಲುವೆ ದಾಟುವೆಡೆ ಬೇರು ಕಪ್ಪಾಗಿ ಕಂಡರೆ, ಕಾಲುವೆಯ ಬಿಳಿ ಗೆರೆ ಅಳಿಸಿಹೋಗಿದ್ದರೆ ಅದು ಎಚ್ಚರಿಕೆ. ಅಂಥ ಕಡೆ ಹಲ್ಲಿನ ಮೇಲ್ಭಾಗವನ್ನಷ್ಟೇ ಕತ್ತರಿಸಿ ಬೇರನ್ನು ಅಲ್ಲೇ ಬಿಡುವ ದಾರಿಯೂ ಉಂಟು. ನಾಲಗೆಯ ನರವಂತೂ ಒಳಬದಿಯ ಎಲುಬಿಗೆ ಅಂಟಿಕೊಂಡಂತೆಯೇ ಸಾಗುತ್ತದೆ, ಎಕ್ಸ್‌ರೇಯಲ್ಲಿ ಕಾಣುವುದೂ ಇಲ್ಲ. ಅದಕ್ಕೆ ಪೆಟ್ಟಾದರೆ ಅರ್ಧ ನಾಲಗೆ ಜೋಮು ಹಿಡಿದು ರುಚಿಯೂ ಹೋಗಬಹುದು. ಯಾವ ಹಲ್ಲನ್ನು ತಾನೇ ತೆಗೆಯಬೇಕು, ಯಾವುದನ್ನು ಮುಟ್ಟದೆ ಕಳಿಸಬೇಕು, ಅರ್ಧಕ್ಕೆ ಬಂದಾಗ ಎಲ್ಲಿ ನಿಲ್ಲಿಸಬೇಕು ಎಂಬುದು ಅನುಭವಿಯೊಬ್ಬರು ಪಕ್ಕದಲ್ಲಿ ನಿಂತು, ನಿಜವಾದ ರೋಗಿಯ ಮುಂದೆ, ಮತ್ತೆ ಮತ್ತೆ ಹೇಳಿಕೊಟ್ಟಾಗ ಮಾತ್ರ ಬರುವ ವಿದ್ಯೆ.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಬಾಯಿಯ ಶಸ್ತ್ರಚಿಕಿತ್ಸೆಗಳನ್ನು ಕಷ್ಟಕ್ಕೆ ತಕ್ಕಂತೆ ಮೂರು ಹಂತವಾಗಿ ವಿಂಗಡಿಸಿದೆ. ತಜ್ಞ ಪದವಿ ಇಲ್ಲದಿದ್ದರೂ ಹೆಚ್ಚಿನ ತರಬೇತಿ ಪಡೆದು ಸಾಮರ್ಥ್ಯ ತೋರಿಸಿದವರು ನಡುವಿನ ಹಂತದ ಕೆಲಸ ಮಾಡಬಹುದು. ತೊಂದರೆ ಕೊಡದ ಬುದ್ಧಿಹಲ್ಲನ್ನು ಸುಮ್ಮನೆ ಕೀಳಬೇಡಿ ಎಂದು 2000ದಲ್ಲೇ ಅಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಸೂಚಿಸಿತು. ಕೀಳಲು ಕಲಿಸುವಷ್ಟೇ ಶ್ರದ್ಧೆಯಿಂದ ಬಿಡಲೂ ಕಲಿಸಬೇಕು.

ನಮ್ಮಲ್ಲಿಯೂ ಹೀಗೊಂದು ನಡುವಿನ ಹಂತ ಬೇಕು. ವೃತ್ತಿ ಬಿಡದೆ, ವಾರಕ್ಕೆ ಎರಡು ದಿನ, ಒಂದು ವರ್ಷ ಕಲಿಯುವ ಮಾನ್ಯತೆ ಪಡೆದ ತರಬೇತಿ ಅದಾಗಲಿ. ಸಣ್ಣ ಶಸ್ತ್ರಚಿಕಿತ್ಸೆಗೆ ಮಾತ್ರ ಸೀಮಿತವಾಗಿರಲಿ. ಪ್ರತಿ ರೋಗಿಯ ವಿವರ, ಫಲಿತಾಂಶ, ಆದ ತೊಡಕು ಲಾಗ್‌ಬುಕ್ಕಿನಲ್ಲಿ ದಾಖಲಾಗಲಿ. ತಜ್ಞರ ಜೀವನೋಪಾಯಕ್ಕೆ ಕತ್ತರಿ ಬೀಳುತ್ತದೆಂಬ ಆತಂಕ ಕೇಳಿಬರಬಹುದು. ಸರಿಯಾಗಿ ಕಲಿತವರು ಕಷ್ಟದ ಪ್ರಕರಣವನ್ನು ಬೇಗ ಗುರುತಿಸಿ ಬೇಗ ಕಳಿಸುತ್ತಾರೆ. ಕೆಟ್ಟ ಮೇಲೆ ಬರುವ ರೋಗಿಗಿಂತ ಇದು ತಜ್ಞರಿಗೂ ಒಳ್ಳೆಯದು.

ಬುದ್ಧಿಹಲ್ಲಿಗಿಂತ ನನ್ನನ್ನು ಹೆಚ್ಚು ಕಾಡುವುದು ಬಯಾಪ್ಸಿ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದೇ. ಗುಟ್ಕಾ, ಅಡಿಕೆ ಅಗಿಯುವವರ ಕೆನ್ನೆಯೊಳಗೆ ಕೆಲವು ವಾರವಾದರೂ ಮಾಗದ ಹುಣ್ಣು ಮೊದಲು ಕಣ್ಣಿಗೆ ಬೀಳುವುದು ಊರಿನ ದಂತವೈದ್ಯರಿಗೆ. ಸ್ಥಳೀಯ ಅರಿವಳಿಕೆ ಕೊಟ್ಟು, ಹುಣ್ಣಿನ ಅಂಚಿನಿಂದ ಸಣ್ಣ ಚೂರು ತೆಗೆದು ಫಾರ್ಮಲಿನ್‌ನಲ್ಲಿ ಹಾಕಿ ಕಳಿಸುವುದು ಕೆಲವೇ ನಿಮಿಷಗಳ ಕೆಲಸ. ಧೈರ್ಯ ಸಾಲದೆ ಮುಲಾಮು ಬರೆದುಕೊಟ್ಟರೆ ರೋಗಿ ಕಳೆದುಕೊಳ್ಳುವುದು ತಿಂಗಳುಗಳನ್ನು.

ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿದೆ. ಅದರಡಿ ಹೊಸ ನಿಯಮ ಬರೆಯುವಾಗ ಈ ಒಂದು ವರ್ಷದ ತರಬೇತಿಗೂ ಜಾಗ ಮಾಡಬಹುದು. ಕರ್ನಾಟಕ ಅಲ್ಲಿಯವರೆಗೆ ಕಾಯಬೇಕಿಲ್ಲ. ಕಲಿಸಬಲ್ಲ ತಜ್ಞರು ಇಲ್ಲಿನ ದಂತ ಕಾಲೇಜುಗಳಲ್ಲಿದ್ದಾರೆ, ರೋಗಿಗಳು ಜಿಲ್ಲಾ ಆಸ್ಪತ್ರೆಗಳಲ್ಲಿದ್ದಾರೆ. ಸರ್ಕಾರಿ ಸೇವೆಯಲ್ಲಿರುವ ದಂತವೈದ್ಯರ ಮೊದಲ ತಂಡವನ್ನು ವೇತನ ಸಹಿತ ಈ ತರಬೇತಿಗೆ ಕಳಿಸುವ ಆದೇಶವನ್ನು ಆರೋಗ್ಯ ಇಲಾಖೆ ಈ ವರ್ಷವೇ ಹೊರಡಿಸಬೇಕು.