ಬದುವಿನ ಹೂವೂ ಹುಳುವೂ ಪಾಠವಲ್ಲವೇ?

ಹೆಣ್ಣುಮಕ್ಕಳ ಕೈಗೆ ಮೊಬೈಲು ಬಂದರೆ ಓದು ಕೆಡುವುದೆಂಬ ದೂರು ಮಾತಾಪಿತೃಗಳಿಂದ ಆಗಾಗ ಕೇಳಿಬರುತ್ತಿದೆ. ಅದು ನಿರಾಧಾರವೆಂದು ನಾವು ಹೇಳಲಾರೆವು. ಆದರೆ ಅದೇ ಯಂತ್ರದಿಂದ ಹೊಲದ ಬದುವಿನ ಕಾಡುಹೂವನ್ನೂ ಅದರ ಮೇಲಣ ಕೀಟವನ್ನೂ ತೀರ ಸಮೀಪದಿಂದ ಚಿತ್ರ ತೆಗೆಯುವ ಅಭ್ಯಾಸವು ಕಾಲಹರಣವಲ್ಲ, ವಿದ್ಯಾಭ್ಯಾಸದ ಒಂದು ಅಂಗವೇ ಸರಿ ಎಂಬುದು ನಮ್ಮ ಅಭಿಮತವು.

ಇದು ತಾಳ್ಮೆಯನ್ನು ಕಲಿಸತಕ್ಕ ಕಲೆ. ಮಸೂರವು ವಸ್ತುವಿಗೆ ಹತ್ತಿರವಾದಷ್ಟೂ ಸ್ಫುಟವಾಗಿ ಕಾಣುವ ಭಾಗವು ಕಿರಿದಾಗುತ್ತದೆ. ಕೀಟದ ಕಣ್ಣು ಸ್ಪಷ್ಟವಾದರೆ ರೆಕ್ಕೆಯ ಅಂಚು ಮಸುಕಾಗುವುದು. ಗಾಳಿ ಬೀಸಿದರೆ ತುಂಬೆಯ ಹೂವು ನಿಲ್ಲದು. ಆದುದರಿಂದ ಕೀಟಗಳ ಮೈಗೆ ಬಿಸಿಲು ತಾಗಿ ಚುರುಕು ಬರುವ ಮುನ್ನವೇ ಮೊಣಕಾಲೂರಿ ಕಾಯಬೇಕು. ಹೀಗೆ ಕಾದವಳಿಗೆ, ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯು ಎಕ್ಕದ ಎಲೆಯಲ್ಲಿ ಮೊಟ್ಟೆಯಿಡುವುದು ಕಾಣುವುದು. ನಾವು ಕಳೆಯೆಂದು ಕಿತ್ತೆಸೆಯುವ ಗಿಡವು ಅದರ ಮರಿಗಳಿಗೆ ತೊಟ್ಟಿಲೂ ಹೌದು, ಅನ್ನವೂ ಹೌದು.

ಇದರಿಂದ ಲೌಕಿಕ ಪ್ರಯೋಜನವೇನೆಂದು ಕೇಳುವವರುಂಟು. 2018ರ ಮೇ ತಿಂಗಳಲ್ಲಿ ನಮ್ಮ ನೆರೆಯ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ, ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳುವು ಭಾರತದಲ್ಲೇ ಮೊದಲಬಾರಿಗೆ ಪತ್ತೆಯಾಯಿತು. ಬೆಳೆದ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದ ಗೆರೆ, ಬಾಲದ ಸಮೀಪದಲ್ಲಿ ಚೌಕಾಕಾರದ ನಾಲ್ಕು ಕಪ್ಪು ಚುಕ್ಕೆ: ಇವೇ ಅದರ ಗುರುತು. ಬರಿಗಣ್ಣು ಹಾದುಹೋಗುವ ಇವನ್ನು ಸಮೀಪಚಿತ್ರವು ಹಿಡಿದು ತೋರಿಸುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ರೈತನ ಮಗಳು ಅಂಥ ಚಿತ್ರವನ್ನು ಕೃಷಿ ಇಲಾಖೆಯವರಿಗೆ ತೋರಿಸಬಲ್ಲಳಾದರೆ ಅದು ಸಣ್ಣ ಸೇವೆಯೇ?

ಸ್ತ್ರೀಯರಿಗೆ ಇದು ಹೊಸ ದಾರಿಯೂ ಅಲ್ಲ. ಮರಿಯಾ ಸಿಬಿಲ್ಲಾ ಮೇರಿಯನ್ ಎಂಬಾಕೆ 1699ರಲ್ಲಿ, ತನ್ನ 52ನೆಯ ವಯಸ್ಸಿನಲ್ಲಿ, ಮಗಳೊಡನೆ ಸುರಿನಾಮಿಗೆ ಸಮುದ್ರಯಾನ ಮಾಡಿ ಕೀಟಗಳನ್ನು ಅವುಗಳ ಆಹಾರದ ಗಿಡಗಳೊಡನೆಯೇ ಚಿತ್ರಿಸಿದಳು. 1843ರಲ್ಲಿ ಇಂಗ್ಲೆಂಡಿನ ಆ್ಯನಾ ಆಟ್ಕಿನ್ಸ್ ಎಂಬಾಕೆ ಪಾಚಿಸಸ್ಯಗಳ ಛಾಯಾಚಿತ್ರಗಳ ಗ್ರಂಥವನ್ನು ಹೊರತರಲಾರಂಭಿಸಿದಳು. ಛಾಯಾಚಿತ್ರಗಳುಳ್ಳ ಮೊದಲ ಗ್ರಂಥವೆಂಬ ಹಿರಿಮೆ ಅದಕ್ಕುಂಟು.

ಆದರೆ ನಿಯಮಗಳಿರಲಿ. ಚಿತ್ರಕ್ಕಾಗಿ ಹೂವನ್ನು ಕೀಳಬಾರದು. ಕೀಟವನ್ನು ಸೂಜಿಯಿಂದ ಚುಚ್ಚುವುದಾಗಲಿ ತಣ್ಣೀರು ಪೆಟ್ಟಿಗೆಯಲ್ಲಿಟ್ಟು ಮರಗಟ್ಟಿಸುವುದಾಗಲಿ ಕೂಡದು. ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದೊಳಕ್ಕೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬಾರದು. ಕೊಂದು ತಂದ ಸೌಂದರ್ಯವು ಜ್ಞಾನವಾಗದು.

ಮಾತಾಪಿತೃಗಳೇ, ರಜಾದಿನದ ಬೆಳಿಗ್ಗೆ ಗಂಡುಮಗನಿಗಿರುವ ಹೊಲದ ದಾರಿಯು ಮಗಳಿಗೂ ತೆರೆದಿರಲಿ. ಪೂರ್ವವಿದ್ಯಾರ್ಥಿನಿಯರೇ, ಶಾಂತಿಸಾಗರದ ಸುತ್ತಣ ಬದುಗಳಿಗೋ ಹೊನ್ನಾಳಿಯ ತುಂಗಭದ್ರಾ ತೀರಕ್ಕೋ ಈ ಮಕ್ಕಳಿಗೆ ಜೊತೆಯಾಗಿ ಹೋಗಿರಿ. ಬದುವಿಗೆ ಕಳೆನಾಶಕ ಸಿಂಪಡಿಸುವ ಮುನ್ನ, ಮಗಳು ಅಲ್ಲಿಂದ ತಂದ ಚಿತ್ರಗಳನ್ನು ಒಮ್ಮೆ ನೋಡಿರೆಂಬುದೇ ನಮ್ಮ ವಿಜ್ಞಾಪನೆ.